ಅಂಜೂರದ ಕಾವಲು ಲೇಪ

ವಿಜ್ಞಾನವನ್ನು ಸರಿಯಾಗಿ ಓದಿದವರು ಹೇಳಬೇಕಾದ ಸಂಗತಿ ಇದು. ಅರೆಬರೆ ತಿಳಿದವರು ಬಾಯಿ ಹಾಕಿದರೆ ತಪ್ಪು ನುಸುಳುತ್ತದೆ. ಆದರೂ ಸುಮ್ಮನಿರಲಾಗದೆ ಹೇಳುತ್ತಿರುವುದಕ್ಕೆ ಓದುಗರು ಕ್ಷಮಿಸಬೇಕು.

ಇನ್ನು ನಲವತ್ತು ವರ್ಷಗಳಾಚೆಯ ಒಂದು ಬೆಳಿಗ್ಗೆ. ಕುಷ್ಟಗಿ ಸೀಮೆಯ ಅಂಜೂರದ ತೋಟದ ಬದುವಿನ ಮೇಲೆ ಕೂತು ಹುಲಿಗೆವ್ವ, ಕಾವಲು ಕ್ಯಾಮೆರಾ ಹಿಡಿದಿಟ್ಟ ದೃಶ್ಯ ನೋಡುತ್ತಿದ್ದಳು. ಮುಳ್ಳುಹಂದಿಯೊಂದು ಎಳೆಗಿಡದತ್ತ ಬಂತು. ಹತ್ತು ಹೆಜ್ಜೆ ದೂರದಲ್ಲಿ ತಟ್ಟನೆ ನಿಂತಿತು. ಎದುರಿಗೆ ಗಿಡ ಬಿಟ್ಟರೆ ಏನೂ ಇಲ್ಲ. ಆದರೂ ಅದು ಮುಳ್ಳು ನಿಮಿರಿಸಿ, ಗಡಗಡ ನಡುಗಿ, ಓಟ ಕಿತ್ತಿತು.

"ಓಡಿತ್ ನೋಡ, ಹೊಟ್ಟಿಬಾಕ!" ಎಂದು ಓರಗಿತ್ತಿ ರತ್ನವ್ವನಿಗೆ ತೋರಿಸಿ ನಕ್ಕಳು.

ಹಿಂದಿನ ವರ್ಷ ಮುಳ್ಳುಹಂದಿಗಳು ತೊಗಟೆ ತಿಂದು ಅರವತ್ತು ಗಿಡ ಸತ್ತಿದ್ದವು. ಎಲೆಯಲ್ಲಿ ತಯಾರಾದ ಆಹಾರ ಬೇರಿಗಿಳಿಯುವುದು ತೊಗಟೆಯ ದಾರಿಯಲ್ಲಿ. ಸುತ್ತಲೂ ತೊಗಟೆ ಕಡಿದರೆ ಗಿಡ ನಿಂತಲ್ಲೇ ಹಸಿದು ಸಾಯುತ್ತದೆ. ಅದಕ್ಕೇ ಸಸ್ಯವಿಜ್ಞಾನಿ ಡಾ. ತಸ್ನೀಮ್ ಕಾಂಡಕ್ಕೆ ಬಳಿಯುವ ಕಾವಲು ಲೇಪವೊಂದನ್ನು ಕಂಡುಹಿಡಿದಿದ್ದರು. ಅದರೊಳಗಿನ ಜೀವಾಣುಗಳು ಮೊದಲ ದಿನ ತಾಗಿದ ಪ್ರಾಣಿಯ ವಾಸನೆಯನ್ನು ಶತ್ರುವಿನದೆಂದು ನೆನಪಿಡುತ್ತವೆ. ಮತ್ತೆ ಆ ವಾಸನೆ ಸುಳಿದರೆ, ಮೂಗಿಗೆ ತಿಳಿಯದ ಆವಿಯೊಂದನ್ನು ಬಿಟ್ಟು ಮಿದುಳಿನಲ್ಲಿ ಭಯ ಹುಟ್ಟುವ ಜಾಗವನ್ನೇ ಕೆರಳಿಸುತ್ತವೆ. ಲೇಪದ ಮೇಲೆ ಮುಳ್ಳುಹಂದಿಯ ಒಂದು ಮುಳ್ಳು ಸವರಿ, ಮೂರು ದಿನ ಒಣಗಲು ಬಿಟ್ಟರೆ ಸಾಕು.

ಆ ಮೂರು ದಿನ ಅಂದಿಗೆ ಮುಗಿದಿತ್ತು. ಹುಲಿಗೆವ್ವ ಗಿಡ ಮುಟ್ಟಲು ಬದುವಿನಿಂದ ಇಳಿದಳು. ಹತ್ತು ಹೆಜ್ಜೆ ದೂರದಲ್ಲಿ ಅವಳ ಕಾಲುಗಳು ನಿಂತವು. ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಂತೆ ಅನಿಸಿತು. ತಿರುಗಿದರೆ ಬರೀ ಬಿಸಿಲು. ಮುಂದೆ ಹೆಜ್ಜೆ ಇಡಲಾಗದೆ ಬದುವಿಗೆ ಮರಳಿದಳು.

ರತ್ನವ್ವ ಒಬ್ಬಳೇ ಹೋಗಿ ಗಿಡ ಮುಟ್ಟಿ ಬಂದಳು, ಏನೂ ಆಗಲಿಲ್ಲ. ಹುಲಿಗೆವ್ವನ ಕೈ ಹಿಡಿದು ಹೋದಾಗ ಅವಳೂ ಚೀರಿ ಹಿಂದೆ ಸರಿದಳು. "ಯಕ್ಕಾ, ನಿನ್ನ ಜೋಡಿ ಬರಂಗಿಲ್ಲ ನಾ!"

ಮರುದಿನ ತಸ್ನೀಮ್ ಬಂದರು. ಹುಲಿಗೆವ್ವನೊಡನೆ ಗಿಡಕ್ಕೆ ಹತ್ತು ಹೆಜ್ಜೆ ದೂರದವರೆಗೆ ನಡೆದರು. ಬೆವರುತ್ತ ಹಿಂದಿರುಗಿ ಕೇಳಿದರು: "ಬಳಿಯುವಾಗ ಕೈಗವಸು ಹಾಕಿಕೊಂಡಿದ್ದಿರಾ?"

"ಕೂಸಿಗೆ ಎಣ್ಣಿ ಹಚ್ಚಾಗ ಯಾರರ ಗವಸು ಹಾಕ್ಕೋತಾರೇನ್ರಿ? ಗ್ವಾಡಿಗೆ ಸುಣ್ಣ, ನೆಲಕ್ಕ ಸಗಣಿ, ಎಲ್ಲಾ ಈ ಕೈಲೇ ಹಚ್ಚೀನಿ."

ತಸ್ನೀಮ್ ಆ ಕೈಗಳನ್ನು ನೋಡಿದರು. ಪ್ರಯೋಗಾಲಯದಲ್ಲಿ ಬರಿಗೈಯಿಂದ ಯಾವ ಗಿಡವನ್ನೂ ಮುಟ್ಟಿದವರಿರಲಿಲ್ಲ. "ತಪ್ಪು ನನ್ನದು, ಅವ್ವಾ. ನಿಮ್ಮ ಕೈಯ ವಾಸನೆಯನ್ನೂ ಅದು ಶತ್ರುವಿನದೆಂದು ಕಲಿತಿದೆ. ಲೇಪ ಒಳಗಿಳಿದಿದೆ. ತೆಗೆಯಬೇಕೆಂದರೆ ತೊಗಟೆಯನ್ನೇ ಸುತ್ತಲೂ ಕೆತ್ತಬೇಕು."

"ಅಂದ್ರ ಮುಳ್ಳಹಂದಿ ಮಾಡೂದನ್ನ ನಾವ ಮಾಡಬೇಕು?"

"ಹೌದು."

"ಬ್ಯಾಡ. ನಾನ ದೂರ ಇರ್ತೀನಿ."

ಅಂದಿನಿಂದ ಅವಳು ಬದುವಿನ ಮೇಲೆ ಕೂತೇ ಕೂಗಿ ಹೇಳುವಳು, ರತ್ನವ್ವ ನೀರು ಹಾಯಿಸುವಳು. ಗಿಡಗಳು ಸೊಂಪಾಗಿ ಬೆಳೆದವು. ಎರಡನೆಯ ವರ್ಷ ಹಣ್ಣು ಕೈಗೆ ಬಂತು. ಆದರೆ ಹುಲಿಗೆವ್ವನಿಗೆ ಬೇಕಿದ್ದುದು ಮುಟ್ಟಬಲ್ಲ ಒಂದು ಗಿಡ. ಅಂಜೂರದ ರೆಂಬೆ ನೆಟ್ಟರೆ ಚಿಗುರುತ್ತದಲ್ಲ. ಲೇಪವಿಲ್ಲದ ತುದಿಯ ರೆಂಬೆಯೊಂದನ್ನು ರತ್ನವ್ವನಿಂದ ಕೊಯ್ಯಿಸಿ, ಮನೆಯ ಹಿತ್ತಲಲ್ಲಿ ಅವಳ ಕೈಯಿಂದಲೇ ನೆಡಿಸಿದಳು. ಅದು ನಾಲ್ಕು ಎಲೆ ಬಿಟ್ಟಿತು.

ಬೆಳಿಗ್ಗೆ ಹುಲಿಗೆವ್ವ ಸ್ನಾನ ಮಾಡಿ, ಮಡಿಕೆಯಲ್ಲಿ ನೀರು ಹಿಡಿದು ಹೊರಟಳು. ರತ್ನವ್ವ ಜೊತೆಗಿದ್ದಳು. ಹತ್ತು ಹೆಜ್ಜೆ ಉಳಿದಿರುವಾಗ ಇಬ್ಬರೂ ಒಮ್ಮೆಲೇ ನಿಂತರು. ಹುಲಿಗೆವ್ವ ಮಡಿಕೆಯನ್ನು ನೆಲಕ್ಕಿಟ್ಟು ಹಿಂದಿರುಗಿದಳು.

ತಸ್ನೀಮ್ ಆ ಗಿಡದ ಎಲೆ, ತೊಗಟೆ, ಬೇರುಗಳ ಚೂರುಗಳನ್ನೆಲ್ಲ ಪರೀಕ್ಷಿಸಿದರು. ಲೇಪದ ಒಂದು ಜೀವಾಣುವೂ ಸಿಗಲಿಲ್ಲ, ಆವಿಯೂ ಸಿಗಲಿಲ್ಲ. ಕಲಿತದ್ದು ಗಿಡವೋ, ಆ ಇಬ್ಬರು ಹೆಂಗಸರ ಮೈಯೋ, ಅವರಿಗೆ ಹೇಳಲಾಗಲಿಲ್ಲ. ಈಗ ನಾವು ಗಿಡಗಳಿಗೆ ಬಳಿಯುತ್ತಿರುವುದು, ಸಿಂಪಡಿಸುತ್ತಿರುವುದು ಬೇಕಾದಷ್ಟಿದೆ. ಅವು ನಮ್ಮನ್ನು ನೆನಪಿಡುತ್ತವೆಯೇ, ನೆನಪಿಟ್ಟರೆ ಏನೆಂದು ಎಂಬುದು ಇದನ್ನು ಬರೆದವರಿಗೆ ಗೊತ್ತಿಲ್ಲ.