ಮೂವತ್ತೊಂದನೇ ಮೊಳೆ

"ಟ್ರೆಕ್ಕಿಂಗ್‌ಗೆ ಒಬ್ಬರೇನಾ?" ಬೆಟ್ಟದ ಬುಡದ ಚೆಕ್‌ಪೋಸ್ಟಿನಲ್ಲಿ ಗಾರ್ಡು ಕೇಳಿದ.

"ಒಬ್ಬಳೇ."

"ದಾರೀಲಿ ಜಗಳ ಆಡೋಕೆ ಯಾರಾದ್ರೂ ಬೇಡ್ವಾ?"

"ಕಾರಿದೆಯಲ್ಲ. ನಾಲ್ಕು ದಿನದಿಂದ ಅದರ ಜೊತೆನೇ ಆಡ್ತಿದೀನಿ."

ಅವನು ನಗಲು ಹೋಗಿ, ಎಡಗೆನ್ನೆ ಹಿಡಿದುಕೊಂಡು ಅರ್ಧಕ್ಕೇ ನಿಲ್ಲಿಸಿದ. ಹಲ್ಲು ನೋವು ಎಂದು ಅವಳಿಗೆ ತಕ್ಷಣ ತಿಳಿಯಿತು. ಅವಳು ಹಲ್ಲಿನ ಡಾಕ್ಟರು. ಜನರ ಬಾಯಿ ಬಿಡಿಸುವುದೇ ಕಸುಬು. ತನ್ನ ಬಾಯಿ ಬಿಡುವುದಕ್ಕೆ ಮಾತ್ರ ನಾಲ್ಕು ದಿನ ಪಶ್ಚಿಮಕ್ಕೆ, ಸಂಜೆಯ ಸೂರ್ಯನನ್ನು ಕಣ್ಣಿಗೆ ಚುಚ್ಚಿಸಿಕೊಳ್ಳುತ್ತಾ ಬಂದಿದ್ದಳು. ಹೇಳಬೇಕಾಗಿದ್ದದ್ದು ಎರಡೇ ಮಾತು. ಕಾರಿನ ಗಾಜಿಗೆ ಇನ್ನೂರು ಸಲ ಹೇಳಿ ಆಗಿತ್ತು. ಗಾಜು ಏನೂ ಅಂದಿರಲಿಲ್ಲ.

ಗಾರ್ಡಿನ ಬೆನ್ನ ಹಿಂದಿನ ಹಲಗೆಯಲ್ಲಿ ನಲವತ್ತು ಮೊಳೆ. ಮೊಳೆಗೊಂದು ನಂಬರು ಕೊರೆದ ಹಿತ್ತಾಳೆ ಬಿಲ್ಲೆ. ಬೆಟ್ಟಕ್ಕೆ ಹೋಗುವವರು ಒಂದು ಬಿಲ್ಲೆ ತೆಗೆದುಕೊಳ್ಳಬೇಕು, ಇಳಿದು ಬಂದ ಮೇಲೆ ಅದೇ ಮೊಳೆಗೆ ತಗುಲಿಸಬೇಕು. ಸಂಜೆ ಮೊಳೆ ಖಾಲಿ ಇದ್ದರೆ ಯಾರೋ ಮೇಲೆ ಸಿಕ್ಕಿಕೊಂಡಿದ್ದಾರೆ ಎಂದರ್ಥ. ಗಾರ್ಡು ಹುಡುಕಿಕೊಂಡು ಹೊರಡುತ್ತಾನೆ.

ಆ ಸೋಮವಾರ ಮಧ್ಯಾಹ್ನ ಮೂವತ್ತೊಂಬತ್ತು ಬಿಲ್ಲೆಗಳಿದ್ದವು. ಮೂವತ್ತೊಂದನೇ ಮೊಳೆ ಖಾಲಿ.

ಮೂವತ್ತೊಂದು ಅವಳ ಜಾಕೆಟ್ಟಿನ ಜೇಬಿನಲ್ಲಿತ್ತು.

ಮೂರು ವರ್ಷದ ಹಿಂದೆ ಹೀಗೇ ಒಬ್ಬಳೇ ಬಂದಿದ್ದಳು. ಆಗ ಇಲ್ಲಿದ್ದದ್ದು ಬೇರೆ ಗಾರ್ಡು, ದೊಡ್ಡ ಮೀಸೆಯವನು. ಬೆಟ್ಟ ಇಳಿಯುವಾಗ ಆಲಿಕಲ್ಲು ಸುರಿಯಿತು. ತಲೆ ಮೇಲೆ ಬ್ಯಾಗು ಹಿಡಿದು, ಕೆಳಗಿನ ತಿರುವಿನಲ್ಲಿ ನಿಲ್ಲಿಸಿದ್ದ ಕಾರಿಗೆ ನೇರ ಓಡಿದಳು. ಬಿಲ್ಲೆ ನೆನಪಾದದ್ದು ಮನೆಯಲ್ಲಿ, ವಾಷಿಂಗ್ ಮಷೀನಿನೊಳಗೆ ಅದು ಟಣಟಣ ಎಂದಾಗ. ಚೆನ್ನಾಗಿದೆಯಲ್ಲ ಎಂದು ಕ್ಲಿನಿಕ್ಕಿನ ಬೀಗದ ಕೈಗೆ ಪೋಣಿಸಿಕೊಂಡಳು. ದಿನಾ ಬೆಳಿಗ್ಗೆ ಅದನ್ನು ಹಿಡಿದೇ ಬಾಗಿಲು ತೆಗೆದಳು.

ಹಲ್ಲಿನ ಕ್ಲಿನಿಕ್ಕಿಗೆ ಲೋಕದ ಸುದ್ದಿ ತಲುಪುವುದು ಹಳಸಿದ ಮೇಲೆ. ಕಳೆದ ತಿಂಗಳು ವೇಟಿಂಗ್ ರೂಮಿನ ಹಳೇ ಪತ್ರಿಕೆಗಳನ್ನು ಕಟ್ಟಿ ಹೊರಗಿಡುವಾಗ ಒಂದು ಪುಟ ಕಣ್ಣಿಗೆ ಬಿತ್ತು. ಖಾಲಿ ಮೊಳೆ ನೋಡಿ, ಮೂವತ್ತೊಂದನೇ ಬಿಲ್ಲೆಯವರನ್ನು ಹುಡುಕಲು ಕೊರಕಲಿಗೆ ಇಳಿದ ಗಾರ್ಡು, ಮಳೆಯ ಹಿಂದೆಯೇ ನುಗ್ಗಿದ ನೀರಿಗೆ ಸಿಕ್ಕಿ ಸತ್ತನಂತೆ. ಬಿಲ್ಲೆಯವರ ಸುಳಿವಿಲ್ಲವಂತೆ. ಫೋಟೋದಲ್ಲಿ ದೊಡ್ಡ ಮೀಸೆ. ಮೂರು ವರ್ಷ ಅವಳ ಪೇಷೆಂಟುಗಳೆಲ್ಲ ಅದನ್ನೇ ಓದುತ್ತಾ ಹಲ್ಲು ಕೀಳಿಸಿಕೊಳ್ಳಲು ಕಾದಿದ್ದರು.

"ಹೆಸರು, ಫೋನ್ ನಂಬರ್ ಬರೀರಿ," ಗಾರ್ಡು ರಿಜಿಸ್ಟರು ತಳ್ಳಿದ. "ಮುಂಚೆ ಇದೆಲ್ಲ ಇರಲಿಲ್ಲ. ನಮ್ಮಣ್ಣ ಹೋದ್ಮೇಲೆ ಬಂದ ರೂಲ್ಸು."

ಅಣ್ಣ! ಪತ್ರಿಕೆಯಲ್ಲಿ ತಮ್ಮನ ಸುದ್ದಿ ಇರಲಿಲ್ಲ. ಹೇಳಬೇಕಾದ ಮಾತು ಗಂಟಲವರೆಗೆ ಬಂದು, ಅಲ್ಲೇ ಕುರ್ಚಿ ಹಾಕಿಕೊಂಡು ಕೂತುಬಿಟ್ಟಿತು. ಅವಳು ಹನ್ನೆರಡನೇ ಬಿಲ್ಲೆ ತೆಗೆದುಕೊಂಡು ಬೆಟ್ಟ ಹತ್ತಿದಳು.

ಸಂಜೆ ಇಳಿದು, ಹನ್ನೆರಡನ್ನು ಅದರ ಮೊಳೆಗೆ ತಗುಲಿಸುತ್ತಾ, ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಬಂತು. ಅವನು ರೌಂಡ್ಸಿಗೆ ಹೊರಟಿದ್ದ, ಅವಳೂ ಹಿಂದೆ ಹೊರಟಳು. ಕೆಂಪು ಬಂಡೆ, ಒಣ ಮುಳ್ಳುಗಿಡ, ನೆತ್ತಿ ಮೇಲೊಂದು ಹದ್ದು. ಕಣ್ಣು ಹೋದಷ್ಟು ದೂರ ನರಪಿಳ್ಳೆ ಇಲ್ಲ.

"ಅದು ದವಡೆ ಹಲ್ಲು," ಎಂದಳು ಒಂದು ಬಂಡೆ ತೋರಿಸಿ. "ಇದು ಕೋರೆ. ಆ ಸೊಟ್ಟಗಿರೋದಕ್ಕೆ ಚಿಕ್ಕಂದಿನಲ್ಲೇ ಕ್ಲಿಪ್ ಹಾಕಿಸಬೇಕಿತ್ತು."

"ಲೇಟಾಯ್ತು ಬಿಡಿ. ಲಕ್ಷಗಟ್ಟಲೆ ವರ್ಷ ಆಗಿದೆ ಅದಕ್ಕೆ."

"ನಿಮ್ಮ ಹಲ್ಲು ನೋವಿಗೆ ಎಷ್ಟಾಯ್ತು?"

"ಅದು ಹೇಗೆ... ಮೂರು ತಿಂಗಳು."

"ಬಾಯಿ ತೆಗೀರಿ."

"ಇಲ್ಲೇನಾ? ಹದ್ದು ನೋಡ್ತಿದೆ ಡಾಕ್ಟ್ರೇ."

ಕಲ್ಲಿನ ಮೇಲೆ ಕೂರಿಸಿ, ಮೊಬೈಲಿನ ಟಾರ್ಚು ಹಾಕಿದಳು. ಕ್ಲಿನಿಕ್ಕಿನಲ್ಲಾದರೆ ಪೇಷೆಂಟುಗಳು ಬಾಯಿ ತೆಗೆದು ಚಾವಣಿ ನೋಡುತ್ತಾರೆ. ಇಲ್ಲಿ ಚಾವಣಿ ಇರಲಿಲ್ಲ. ಅವನು ಅವಳನ್ನೇ ನೋಡಿದ. ರೆಪ್ಪೆಗಳ ಮೇಲೆ ಕೆಂಪು ಧೂಳು. ಸಾವಿರಾರು ಬಾಯಿ ಕಂಡಿದ್ದ ಅವಳು, ಮೊದಲನೇ ಸಲ ಒಂದು ಗಲ್ಲ ಹಿಡಿದು ಹಲ್ಲಿನ ಬದಲು ಕಣ್ಣು ನೋಡಿದಳು.

"ಬೇರಿನವರೆಗೂ ಹೋಗಿದೆ. ಎಷ್ಟು ದಿನ ಮುಚ್ಚಿಟ್ಕೊಳ್ತೀರೋ ಅಷ್ಟು ಕೊಳೆಯುತ್ತೆ."

ಹೇಳಿದ ಮೇಲೆ, ಅದು ಯಾರಿಗೆ ಹೇಳಿದ ಮಾತೆಂದು ಅವಳಿಗೇ ಕೇಳಿಸಿತು.

"ನೀವು ಮಾಡೋದಾದ್ರೆ ಮಾಡಿಸ್ಕೊಳ್ತೀನಿ," ಎಂದ ಅವನು ಮೆಲ್ಲಗೆ. "ನಿಮ್ಮ ಕೈ ಹಗುರ."

ಜೇಬು ಮಾತ್ರ ಭಾರವಾಗಿತ್ತು.

ಬುಧವಾರ ಅವನಿಗೆ ರಜೆ. ರಜೆಯ ದಿನ ಅವನು ಕೊರಕಲಿಗೆ ಇಳಿಯುತ್ತಿದ್ದ.

"ಬರ್ತೀರಾ? ನೋಡೋಕೆ ಚೆನ್ನಾಗಿಲ್ಲ, ಮೊದಲೇ ಹೇಳಿದೀನಿ."

ಚೆನ್ನಾಗಿರಲಿಲ್ಲ. ಎರಡು ಕಡೆ ಬಂಡೆಯ ಗೋಡೆ, ಮೇಲೆ ರಿಬ್ಬನ್ನಿನಷ್ಟು ಆಕಾಶ. ನೀರು ಹರಿದ ಗುರುತು ಅವನ ತಲೆಗಿಂತ ಎರಡಾಳು ಎತ್ತರದಲ್ಲಿತ್ತು. ಅವನು ಬ್ಯಾಗಿನಿಂದ ಬಿಸ್ಕತ್ತಿನ ಡಬ್ಬ ತೆಗೆದ. ಒಳಗೆ ಒಂದು ಗುಂಡಿ, ಮುರಿದ ಬಾಚಣಿಗೆ, ಕನ್ನಡಕದ ಕಡ್ಡಿ, ಅರ್ಧ ಶೂ ಅಟ್ಟೆ.

"ಮೂವತ್ತೊಂದನೇ ಬಿಲ್ಲೆಯವರದ್ದು ಇರಬಹುದು ಅಂತ ಇಟ್ಟಿದೀನಿ. ಅಣ್ಣ ಎರಡನೇ ದಿನಕ್ಕೆ ಸಿಕ್ಕಿದ. ಅವರು ಸಿಗಲೇ ಇಲ್ಲ. ಯಾರ ಮಗನೋ, ಯಾರ ಮಗಳೋ. ಅವರಮ್ಮನೂ ಬಾಗಿಲು ನೋಡ್ತಾ ಕೂತಿರ್ತಾರಲ್ವಾ? ಒಂದು ಮೂಳೆ ಸಿಕ್ಕಿದ್ರೂ ಕೊಟ್ಟು ಬರೋಣ ಅಂತ."

"ಮೂರು ವರ್ಷದಿಂದ?"

"ನೂರೈವತ್ತು ಬುಧವಾರ ಆಯ್ತು. ಅಣ್ಣ ಅರ್ಧಕ್ಕೆ ಬಿಟ್ಟು ಹೋದ ಕೆಲಸ."

ಅವನ ಬೈಗುಳಕ್ಕೆ ಅವಳು ತಯಾರಾಗಿ ಬಂದಿದ್ದಳು. ಹೊಡೆತಕ್ಕೂ ತಯಾರಿದ್ದಳು. ತನಗಾಗಿಯೇ ಅವನು ಮರುಗುತ್ತಿರಬಹುದು ಎಂದು ಮಾತ್ರ ಲೆಕ್ಕ ಹಾಕಿರಲಿಲ್ಲ. ಜೇಬಿನಿಂದ ಬಿಲ್ಲೆ ತೆಗೆದು ಡಬ್ಬದೊಳಗೆ, ಗುಂಡಿಯ ಪಕ್ಕ ಇಟ್ಟಳು.

ಅವನು ನಂಬರು ಓದಿದ. ತಟ್ಟನೆ ಎದ್ದು ನಿಂತ. "ಎಲ್ಲಿ ಸಿಕ್ತು? ಯಾವ ಕಡೆ? ತೋರ್ಸಿ ಡಾಕ್ಟ್ರೇ, ಅವರೂ ಅಲ್ಲೇ ಇರ್ತಾರೆ!"

"ಇಲ್ಲೇ ಇದೀನಿ," ಎಂದಳು.

ಎಲ್ಲ ಹೇಳಿದಳು. ಆಲಿಕಲ್ಲು, ಕಾರು, ವಾಷಿಂಗ್ ಮಷೀನು. ಬೀಗದ ಕೈಯನ್ನೂ ಬಿಡಲಿಲ್ಲ.

"ಕೀ ಚೈನಾ?" ಅವನು ಕೇಳಿದ್ದು ಅಷ್ಟೇ.

"ಹೂಂ."

ಅವನು ಗೋಡೆಗೆ ತಿರುಗಿ, ಅಂಗೈಯನ್ನು ಬಂಡೆಗೆ ಒತ್ತಿ ನಿಂತ. ಬೆನ್ನು ಅಲುಗುತ್ತಿತ್ತು. ಆ ಬೆನ್ನು ಸವರಲು ಎದ್ದ ಕೈಯನ್ನು ಅವಳು ಜೇಬಿಗೆ ತುರುಕಿದಳು. ಖಾಲಿ ಜೇಬು.

"ಮೇಲಕ್ಕೆ ಹೋಗಿ," ಎಂದ ತಿರುಗದೆ. "ಸೀದಾ ಕಾರಿಗೆ ಹೋಗೋ ದಾರಿ ಗೊತ್ತಲ್ಲ ನಿಮಗೆ."

ಅವಳು ಕಾರಿಗೆ ಹೋಗಲಿಲ್ಲ. ಹಲಗೆಯ ಮುಂದೆ ಕಾದಳು. ಒಂದು ಗಂಟೆಯ ಮೇಲೆ ಅವನು ಬಂದ, ಬಿಲ್ಲೆ ಮುಷ್ಟಿಯಲ್ಲಿತ್ತು.

"ಕೊಡಿ, ನಾನೇ ಹಾಕ್ತೀನಿ. ಅದಕ್ಕೇ ಬಂದದ್ದು."

"ಬೇಡ." ಅವನು ಕೈ ಹಿಂದಕ್ಕೆಳೆದುಕೊಂಡ. "ಸೇರಿದ್ಮೇಲೆ ತಾನೇ ಹಾಕೋದು? ನೀವಿನ್ನೂ ಮನೆ ಸೇರಿಲ್ಲ."

"ಒಂದ್ಸಲ ಬೈದಾದ್ರೂ ಬಿಡಿ."

"ನಿಮ್ಮನ್ನ ನೋಡೋಕೆ ಆಗ್ತಿಲ್ಲ ನನಗೆ. ನೋಡದೇ ಇರೋಕೂ ಆಗ್ತಿಲ್ಲ. ಅದಕ್ಕೇ ಹೇಳ್ತಿರೋದು, ಹೋಗಿ."

ಆ ಸಂಜೆ, ರಿಜಿಸ್ಟರಿನಲ್ಲಿ ಬರೆದಿದ್ದ ನಂಬರಿಗೆ ಫೋನು ಬಂತು.

"ಎಲ್ಲಿದೀರಿ?"

"ಪೆಟ್ರೋಲ್ ಬಂಕಲ್ಲಿ."

"ಸರಿ." ಕಟ್.

ಗುರುವಾರ ಸಂಜೆ, "ಎಲ್ಲಿದೀರಿ?"

"ಉಪ್ಪಿನ ಬಯಲು ದಾಟಿದೆ."

"ಊಟ?"

"ಆಯ್ತು." ಆಗಿರಲಿಲ್ಲ.

ಶುಕ್ರವಾರ ಅವನು ಏನೂ ಕೇಳಲಿಲ್ಲ. ಉಸಿರು ಕೇಳುತ್ತಿತ್ತು. ಇಬ್ಬರೂ ಫೋನು ಇಡಲಿಲ್ಲ.

ಶನಿವಾರ ಸಂಜೆ ಅವಳು ತನ್ನ ಮನೆ ಬಾಗಿಲ ಒಳಗೆ, ಶೂ ಬಿಚ್ಚದೆ ನಿಂತು ಹೇಳಿದಳು, "ಮನೆ ಸೇರಿದೆ."

ಆ ಕಡೆ ಕುರ್ಚಿ ಸರಿದ ಸದ್ದು. ನಾಲ್ಕು ಹೆಜ್ಜೆ. ಆಮೇಲೆ, ಮೊಳೆಗೆ ಹಿತ್ತಾಳೆ ತಾಗಿದ ಸಣ್ಣ ಟಿಣ್.

"ಅಣ್ಣ ಹುಡುಕ್ತಿದ್ದವರು ಸಿಕ್ಕಿದ್ರು," ಎಂದ ಅವನು. ಯಾರಿಗೆ ಹೇಳಿದನೋ. ಅವಳು ಹಲ್ಲು ಕಚ್ಚಿ ಅತ್ತಳು, ಸದ್ದಾಗದ ಹಾಗೆ.

"ಕ್ಷಮಿಸಿದೀನಿ ಅಂತ ಅಂದ್ಕೋಬೇಡಿ," ಎಂದ.

"ಇಲ್ಲ."

"ಹಲ್ಲು ನೋವು ಜಾಸ್ತಿ ಆಗಿದೆ, ಅಷ್ಟೇ."

"ಹೂಂ."

"ಬುಧವಾರ ಕ್ಲಿನಿಕ್ ತೆಗೆದಿರುತ್ತಾ?"