ಮಾದರಿ ತಣ್ಣಗಾಗಕೂಡದು

ಇಂದುಧರ ಪಾವಟೆಯವರು ತಮ್ಮ ಯೌವನದ ಬಹುಭಾಗವನ್ನು ಒಂದು ಶೀತಕೋಣೆಯಲ್ಲಿ ಕಳೆದಿದ್ದರು. ಧಾರವಾಡದ ಬೇಸಗೆಯಲ್ಲೂ ಉಣ್ಣೆಯಂಗಿ ತೊಟ್ಟು ಒಳಹೊಕ್ಕು, ಗಾಜಿನ ಮುಚ್ಚಳಗಳ ಅಡಿಯಲ್ಲಿ ತೂಗುತ್ತಿದ್ದ ಹನಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಅವರ ದಿನಚರಿಯಾಗಿತ್ತು. ಮನುಷ್ಯನ ಸ್ನಾಯುವಿಗೆ ಬಲ ಒದಗಿಸುವ ಒಂದು ಪ್ರೋಟೀನು ಆ ಹನಿಗಳಲ್ಲಿ ಹರಳುಗಟ್ಟಬೇಕಿತ್ತು. ಹರಳಾದರೆ ಅದರೊಳಗೆ ಕ್ಷ-ಕಿರಣ ಹಾಯಿಸಿ, ಕಿರಣಗಳು ಚದುರಿದ ಬಗೆಯಿಂದ ಅದರ ಆಕಾರವನ್ನು ಲೆಕ್ಕಹಾಕಬಹುದು. ಆದರೆ ವರ್ಷವರ್ಷವೂ ಕಂಡದ್ದು ಬರಿಯ ಕೆಸರು. ಮಾರ್ಗದರ್ಶಕರು ಬೇರೆ ವಿಷಯ ಹಿಡಿಯಲು ಹೇಳಿದರು. ಜೊತೆಗಿದ್ದವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಪ್ರೋಟೀನನ್ನು ತಣ್ಣಗಿಟ್ಟರೆ ಕೆಡುವುದಿಲ್ಲವೆಂಬುದು ಆ ವಿದ್ಯೆಯವರೆಲ್ಲರ ನಂಬಿಕೆ. ಅದನ್ನು ಪ್ರಶ್ನಿಸಬೇಕೆಂದು ಪಾವಟೆಯವರಿಗೂ ತೋಚಿರಲಿಲ್ಲ.

ಒಂದು ಸಲ ಅಡ್ಡಮಳೆಯ ಗಾಳಿಗೆ ವಿದ್ಯುತ್ ಕಂಬ ಬಿದ್ದಿತು. ಜನರೇಟರ್ ಕೂಡ ಕೆಟ್ಟು ಶೀತಕೋಣೆ ಹೊರಗಿನಷ್ಟೇ ಬೆಚ್ಚಗಾಯಿತು. ಎಲ್ಲವೂ ಹಾಳಾಯಿತೆಂದು ಹನಿಗಳನ್ನು ಚೆಲ್ಲಲು ಹೋದ ಪಾವಟೆಯವರು, ಚೆಲ್ಲುವ ಮುನ್ನ ಅಭ್ಯಾಸಬಲದಿಂದ ಒಮ್ಮೆ ಇಣುಕಿದರು. ಒಂದು ಹನಿಯಲ್ಲಿ ಚೂಪು ಅಂಚಿನ ಹರಳು ಹೊಳೆಯುತ್ತಿತ್ತು.

ಆ ಹರಳು ತಿಳಿಸಿದ ಸತ್ಯ ಸರಳವಾದದ್ದು. ಆ ಪ್ರೋಟೀನು ನಾಲ್ಕು ಉಪಘಟಕಗಳ ಕೂಟ. ಬಿಡಿಯಾದರೆ ಒಂದಕ್ಕೂ ಕೆಲಸ ಬಾರದು. ಪ್ರತಿಯೊಂದರ ಒಂದು ಮಗ್ಗುಲು ಎಣ್ಣೆಯಂತೆ ನೀರನ್ನು ಒಲ್ಲದು. ನೀರಿನಿಂದ ಮರೆಯಾಗಲು ಅವು ಆ ಮಗ್ಗುಲನ್ನು ಪರಸ್ಪರ ಒತ್ತಿಕೊಂಡು ನಿಲ್ಲುತ್ತವೆ. ಬಹುಕಾಲ ಚಳಿಯಲ್ಲಿಟ್ಟರೆ ಈ ಅಪ್ಪುಗೆ ಸಡಿಲಿ ಕೂಟ ಚದುರುತ್ತದೆ. ಕಾಪಾಡಲೆಂದು ಇಟ್ಟ ಚಳಿಯೇ ಅದನ್ನು ಕೆಡಿಸಿತ್ತು; ಬೆಚ್ಚಗಾದಾಗ ಅದು ಮತ್ತೆ ಕೂಡಿತ್ತು.

ದಶಕಗಳು ಕಳೆದ ಮೇಲೆ ಜೋಡಣಾದರ್ಪಣವೆಂಬ ಯಂತ್ರ ಬಂದಿತು. ಒಂದು ಹನಿ ರಕ್ತವನ್ನಿಟ್ಟರೆ ಸಾಕು, ಅದರೊಳಗಿನ ಯಾವ ಪ್ರೋಟೀನಿನ ಉಪಘಟಕಗಳು ಹೇಗೆ ಕೂಡಿಕೊಂಡಿವೆ ಎಂಬುದು ಪರದೆಯ ಮೇಲೆ ಮೂಡುತ್ತಿತ್ತು. ಹರಳು ಬೆಳೆಸುವ ವಿದ್ಯೆ ಯಾರಿಗೂ ಬೇಡವಾಯಿತು; ಪಾವಟೆಯವರ ಕ್ಷ-ಕಿರಣ ಯಂತ್ರ ಗುಜರಿಗೆ ಹೋಯಿತು. ಉಳಿದದ್ದು ಒಂದೇ ಗೌರವ. ಯಂತ್ರವು ಪ್ರತಿಯೊಂದು ಹನಿಯನ್ನೂ ಮೈಯಷ್ಟೇ ಬೆಚ್ಚಗಿಡುತ್ತಿತ್ತು, ಮತ್ತು ಅದರ ಮುಚ್ಚಳದ ಮೇಲೆ ಒಂದು ಹಿತ್ತಾಳೆಯ ಫಲಕವಿತ್ತು: "ಪಾವಟೆ ನಿಯಮ: ಮಾದರಿ ತಣ್ಣಗಾಗಕೂಡದು."

ಮದುವೆಯಾಗದ, ನಿವೃತ್ತರಾದ ಪಾವಟೆಯವರು ದಿನವೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಸ್ಪತ್ರೆಗೆ ಬಂದು, ಆ ಫಲಕ ಕಾಣುವಂತೆ ಎದುರಿನ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿದ್ದರು. ಕಾಗದದಲ್ಲಿ ಅವರು ಗೌರವ ಸಲಹೆಗಾರರು, ಸಲಹೆ ಕೇಳಿದವರಿಲ್ಲ. ರೋಗಿಗಳು ಅವರನ್ನು ವರದಿಗಾಗಿ ಕಾಯುವ ಮುದುಕನೆಂದು ತಿಳಿದು, ಕಾಲು ಚಾಚಲು ಜಾಗ ಬಿಡುತ್ತಿದ್ದರು.

ಆ ಬೆಂಚಿಗೆ ಒಂದು ಮಧ್ಯಾಹ್ನ ಸುಗಂಧಾ ಬಸಿಡೋಣಿ ಬಂದು ಕುಳಿತಳು. ಹಾಲಿನ ಡೈರಿಯ ಶೀತಗೃಹದಲ್ಲಿ ಬೆಣ್ಣೆಯ ಪೆಟ್ಟಿಗೆ ಜೋಡಿಸುವ ಕೆಲಸ ಅವಳದು. ಒಳಗೆ ಹೋದ ಸ್ವಲ್ಪ ಹೊತ್ತಿಗೆ ಬೆರಳುಗಳು ಬಲಗುಂದಿ ಪೆಟ್ಟಿಗೆಗಳು ಜಾರಿಬೀಳುತ್ತಿದ್ದವು. ಯಂತ್ರ ಮಾತ್ರ ಪ್ರತಿಸಲವೂ ಅವಳನ್ನು ಆರೋಗ್ಯವಂತೆ ಎಂದಿತ್ತು. ಈ ಸಲದ ವರದಿಯೂ ಹಾಗೆಯೇ ಬಂದರೆ ಕೆಲಸದಿಂದ ತೆಗೆಯುವುದಾಗಿ ಡೈರಿಯವರು ಹೇಳಿದ್ದರು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ವರದಿ ಹಾಗೆಯೇ ಬಂದಿತ್ತು.

"ಸೋಗು ಹಾಕ್ತಿ ಅಂತಾರ‍್ರಿ ಅಜ್ಜಾರ," ಎಂದಳು. "ಮಷೀನು ಸುಳ್ಳು ಹೇಳ್ತೈತೇನು ಅಂತ ಕೇಳ್ತಾರ."

ಬೆರಳಿಗೆ ಮತ್ತೆ ಬಲ ಬರುವುದು ಯಾವಾಗ ಎಂದು ಪಾವಟೆಯವರು ವಿಚಾರಿಸಿದರು.

"ಹೊರಗ ಬಂದು ಬಿಸಿ ಚಾದ ಕಪ್ಪು ಹಿಡಕೊಂಡು ಕುಂತ್ರ ಬರ್ತೈತ್ರಿ. ಅದಕ್ಕ ನಮ್ಮ ಸೂಪರ್‌ವೈಸರ್ ಇದಕ್ಕ ಚಾದ ರೋಗ ಅಂತ ಹೆಸರಿಟ್ಟಾನ."

ಪಾವಟೆಯವರ ಕಣ್ಣು ಫಲಕದತ್ತ ಹೋಯಿತು. ಇವಳ ಕೂಟ ಶೀತಗೃಹದ ಚಳಿಯಲ್ಲಿ ಚದುರುತ್ತಿರಬೇಕು. ಯಂತ್ರ ಅದನ್ನು ಬೆಚ್ಚಗೆ ಮಾಡಿ, ಕೂಡಿಸಿ, ಆಮೇಲೆ ನೋಡುತ್ತಿದೆ. ಅದು ಎಂದಿಗೂ ಕಾಣಲಾರದ ರೋಗವಿದು. ಕಾಣದಂತೆ ಮಾಡಿರುವುದು ಆ ಫಲಕದ ಮೇಲಿನ, ತಮ್ಮದೇ ಹೆಸರಿನ ನಿಯಮ. ಅವರು ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಪಕ್ಕದಲ್ಲಿ ಹುಡುಗಿ ವರದಿಯ ಹಾಳೆಯನ್ನು ಮಡಿಸುತ್ತ, ಬಿಡಿಸುತ್ತ ಕುಳಿತಿದ್ದಳು. ಅವರು ಎದ್ದರು.

ಯಂತ್ರದ ಮೇಲ್ವಿಚಾರಕಿ ಡಾಕ್ಟರ್ ನಫೀಸಾ ಮುಲ್ಲಾ ಪಾವಟೆಯವರ ಮಾತನ್ನು ಕೇಳಿ, ಹನಿಯನ್ನು ಬೆಚ್ಚಗಿಡುವ ಬಿಸಿಪೆಟ್ಟಿಗೆಯನ್ನು ಆರಿಸುವುದಕ್ಕೆ ಒಪ್ಪಲಿಲ್ಲ.

"ಸರ್, ನಿಮ್ಮ ನಿಯಮಾ ನೀವs ಮುರೀತೀರೇನ್ರಿ?"

"ಕೂಟ ಒಡೀಬಾರದು ಅಂತ ಆ ನಿಯಮಾ ಮಾಡಿದ್ದವ್ವಾ. ಒಡಿಯೋದs ರೋಗ ಆಗಿದ್ರ, ಬೆಚ್ಚಗಿಟ್ಟು ನೋಡಿದ್ರ ಏನು ಕಾಣ್ತದ?"

ಯಾರ ರಕ್ತವಾದರೂ ತಣ್ಣಗಾದರೆ ಹಾಗೆ ಒಡೆಯಬಹುದಲ್ಲವೇ ಎಂದು ನಫೀಸಾ ಆಕ್ಷೇಪಿಸಿದರು. ನ್ಯಾಯವಾದ ಪ್ರಶ್ನೆ. ಪಾವಟೆಯವರು ತಮ್ಮ ಅಂಗಿಯ ತೋಳು ಮಡಿಸಿ ಕೈ ಚಾಚಿದರು.

ಎರಡು ಹನಿಗಳನ್ನು ಅಕ್ಕಪಕ್ಕ ಇಡಲಾಯಿತು: ಒಂದು ಮುದುಕನದು, ಒಂದು ಹುಡುಗಿಯದು. ಪರದೆಯ ಮೇಲೆ ಎರಡೂ ನಾಲ್ಕೆಸಳಿನ ಹೂಗಳಂತೆ ಒಂದೇ ಬಗೆಯಾಗಿ ಕಂಡವು. ಬಿಸಿಪೆಟ್ಟಿಗೆ ಆರಿತು, ಹನಿಗಳು ಶೀತಗೃಹದಲ್ಲಿ ಬೆರಳು ತಣಿಯುವಷ್ಟು ತಣಿದವು. ಅಷ್ಟು ಸ್ವಲ್ಪ ಹೊತ್ತಿನ ಚಳಿಗೆ ಪಾವಟೆಯವರ ಹೂಗಳು ಹಾಗೆಯೇ ನಿಂತವು. ಸುಗಂಧಾಳ ಹೂಗಳ ಎಸಳುಗಳು ಮೊದಲು ನಡುಗಿ, ಎರಡೆರಡಾಗಿ ಸೀಳಿ, ಕೊನೆಗೆ ಒಂಟಿಯಾಗಿ ದೂರ ದೂರ ತೇಲಿಹೋದವು. ಹುಟ್ಟಿನಿಂದಲೇ ಅವಳ ಪ್ರೋಟೀನಿನ ಸರಪಳಿಯಲ್ಲಿ ಒಂದು ಕೊಂಡಿ ಬದಲಾಗಿ, ಅಪ್ಪುಗೆ ಸಡಿಲವಾಗಿತ್ತು.

ಸುಗಂಧಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಮತ್ತ ಕೂಡ್ತಾವೇನ್ರಿ ಅವು?"

ಪಾವಟೆಯವರ ಸನ್ನೆಯಂತೆ ನಫೀಸಾ ಬಿಸಿಪೆಟ್ಟಿಗೆ ಹಚ್ಚಿದರು. ಎಸಳುಗಳು ತಡವರಿಸುತ್ತ ಒಂದರ ಬಳಿಗೆ ಒಂದು ಬಂದವು.

"ಚಾ ಕುಡಿದಂಗ," ಎಂದಳು ಸುಗಂಧಾ, ಮೆಲ್ಲಗೆ.

ಡೈರಿಯವರು ಅವಳನ್ನು ಶೀತಗೃಹದಿಂದ ಹಾಲು ಪರೀಕ್ಷಿಸುವ ಕೋಣೆಗೆ ಬದಲಾಯಿಸಿದರು. ವರ್ಷದೊಳಗೆ ಎಲ್ಲ ಜೋಡಣಾದರ್ಪಣಗಳೂ ಹನಿಯನ್ನು ತಣಿಸಿಯೂ ನೋಡುವಂತೆ ಮಾರ್ಪಾಡಾದವು. ಸೋಗುಗಾರರೆನಿಸಿದ್ದ ಎಷ್ಟೋ ಮಂದಿಗೆ ನ್ಯಾಯ ದೊರೆಯಿತು. ಹೊಸ ಮುಚ್ಚಳದ ಮೇಲೆ ಫಲಕವಿರಲಿಲ್ಲ. ಇರುವಂತೆಯೂ ಇರಲಿಲ್ಲ, ಆ ಮಾತು ಈಗ ತಪ್ಪು. ನಫೀಸಾ ಹಳೆಯ ಫಲಕವನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟರು.

ಮರುದಿನ ಆಸ್ಪತ್ರೆಗೆ ಹೋಗಬೇಕಾದ ಕಾರಣವಿರಲಿಲ್ಲ. ಪಾವಟೆಯವರು ಅಂಗಿ ಇಸ್ತ್ರಿ ಮಾಡಿದರು, ಹೋದರು, ಅದೇ ಬೆಂಚಿನ ಮೇಲೆ ಕುಳಿತರು. ಎದುರಿಗೆ ಓದಲು ಏನೂ ಇರಲಿಲ್ಲ. ಬಿಳಿಯ ಮುಚ್ಚಳದಲ್ಲಿ ಬಾಗಿಲು, ಬಾಗಿಲಾಚೆಯ ಬಿಸಿಲು, ಹೋಗಿಬರುವವರ ಕಾಲುಗಳು ಮಾತ್ರ ಮಸುಕಾಗಿ ಪ್ರತಿಬಿಂಬಿಸುತ್ತಿದ್ದವು.

ಪಾಳಿ ಮುಗಿಸಿ ಬಂದ ಸುಗಂಧಾ ಪಕ್ಕದಲ್ಲಿ ಕುಳಿತು, ಎರಡು ಕಪ್ ಚಹಾದಲ್ಲಿ ಒಂದನ್ನು ಅವರ ಕೈಗಿತ್ತಳು. ಮೈಗೇನಾದರೂ ಆಯಿತೇ ಎಂದು ಅವರು ಕೇಳಿದರು. ಏನೂ ಆಗಿಲ್ಲವೆಂದಳು. ಆ ಪರೀಕ್ಷೆಯ ದಿನ ಹನಿಗಳು ತಣಿಯುವುದನ್ನು ಕಾಯುವಾಗ ಅವರು ಶೀತಕೋಣೆಯ ಕಥೆ ಹೇಳಿದ್ದರು. ಅವಳು ಭಯದಲ್ಲಿ ಅರ್ಧ ಕೇಳಿರಲಿಲ್ಲ.

"ಜನರೇಟರ್ ಕೆಟ್ಟಿದ್ದು ಇನ್ನೊಮ್ಮೆ ಹೇಳ್ರಿ ಅಜ್ಜಾರ," ಎಂದಳು. "ನೀವು ಎಲ್ಲಾ ಚೆಲ್ಲಾಕ ಅಂತ ಒಳಗ ಹೋದ್ರಲ್ಲ, ಅಲ್ಲಿಂದ."