ಪಗಾರ ಚೀಟಿಯಲ್ಲಿಲ್ಲದ ಪಾಲು

ಗುರುಲಿಂಗಪ್ಪನ ಬಾಯಿಂದ ಕಾಗದ ತೆಗೆಯಲು ಡಾಕ್ಟರು ಇಕ್ಕಳ ಹಾಕಬೇಕಾಯಿತು.

ಹತ್ತರಗಿಯ ಹೆದ್ದಾರಿ ಬದಿಯ ನೂಲಿನ ಮಿಲ್ಲಿನಲ್ಲಿ ಪಗಾರದ ಲೆಕ್ಕ ನೋಡುತ್ತಿದ್ದ ಗುಮಾಸ್ತ ಅವನು. ಬೆಳಗಿನ ಪಾಳಿಯವರು ಬಾಗಿಲು ತೆರೆದಾಗ ತನ್ನ ಕೋಣೆಯಲ್ಲೇ ಅಂಗಾತ ಬಿದ್ದಿದ್ದ. ತಲೆಯ ಎಡಭಾಗ ಒಳಕ್ಕೆ ಕುಸಿದಿತ್ತು. ದವಡೆ ಮುರಿದಿತ್ತು. ರಕ್ತ ಮೇಜಿನ ಕೆಳಗೆ ಹರಿದು, ಹತ್ತಿಯ ಎಳೆಗಳನ್ನು ಅಂಟಿಸಿಕೊಂಡು ಹೆಪ್ಪುಗಟ್ಟಿತ್ತು.

"ತುರಕಿದಾಗ ಜೀವ ಇತ್ತು," ಎಂದರು ಡಾಕ್ಟರು. "ಹಲ್ಲು ಗಟ್ಟಿ ಕಚ್ಚಿದಾನ. ತಲಿಗೆ ಏಟು ಬಿದ್ದದ್ದು ಆಮ್ಯಾಲ."

ಕಾಗದ ಬಿಡಿಸಿದರೆ ಎರಡು ತುಂಡು. ಪಗಾರ ಚೀಟಿ. ಹೆಸರು—ಹಣಮಂತ.

"ಮುಗೀತಲ್ರಿ ಮೇಡಂ," ಎಂದ ಕಾನ್‌ಸ್ಟೇಬಲ್ ಬಸವಲಿಂಗ. "ಕೊಂದಾಂವ ಹೆಸರ ಬರದಿಟ್ಟ ಹೋಗ್ಯಾನ."

ಪಿಎಸ್‌ಐ ಜಹೀರಾ ಚೀಟಿಯನ್ನು ಕವರಿಗೆ ಹಾಕಿ ಕೋಣೆ ದಾಟಿದಳು. ಹೊರಗೆ ಗೋಡೆಗೊರಗಿ ಸತ್ತವನ ಹೆಂಡತಿ ದಾಕ್ಷಾಯಿಣಿ ಕೂತಿದ್ದಳು. ಇನ್ನೂ ಚಿಕ್ಕ ವಯಸ್ಸು. ಯಾರೋ ಕೊಟ್ಟ ನೀರಿನ ಲೋಟವನ್ನು ಕುಡಿಯದೆ ಹಿಡಿದಿದ್ದಳು. ಅಳುತ್ತಿರಲಿಲ್ಲ.

"ಬಾಯಾಗ ತುರಕಿದಾಗ ಅವರಿಗೆ ಉಸರ ಇತ್ತೇನ್ರಿ?"

"ಗೊತ್ತಿಲ್ಲವಾ," ಜಹೀರಾ ಸುಳ್ಳು ಹೇಳಿದಳು.

ಹಿಂದಿನ ಸಂಜೆ ಜಗಳವಾದದ್ದನ್ನು ಇಡೀ ಮಿಲ್ಲು ಕಂಡಿತ್ತು. ಹಣಮಂತ ಚೀಟಿ ಹರಿದು ಗುರುಲಿಂಗಪ್ಪನ ಮುಖಕ್ಕೆ ಎಸೆದಿದ್ದ. ಯಂತ್ರ ರಿಪೇರಿಯ ಫಿಟರ್ ಉದ್ದಪ್ಪ ಮುಂದೆ ಬಂದು ಸಾಕ್ಷಿ ಹೇಳಿದ. ಮುಂದಿನ ತಿಂಗಳು ನಿವೃತ್ತಿಯಾಗುವವನು; ಎಲ್ಲರಿಗೂ ಕಾಕಾ. ಬಲಗೈ ತೋರುಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದ. ಅವನ ಹಿಂದೆ ನಿಂತ ನಾಲ್ವರಲ್ಲಿ ಇಬ್ಬರಿಗೂ ಬೆರಳಿಗೆ ಪಟ್ಟಿ. ಆ ಮಿಲ್ಲಿನಲ್ಲಿ ಅದನ್ನು ಯಾರೂ ನೋಡುವುದಿಲ್ಲ.

"ಹುಡುಗಗ ಸಿಟ್ಟ ಬರದ ಇರತೈತೇನ್ರಿ?" ಎಂದ ಉದ್ದಪ್ಪ. "ಪಿಎಫ್ ಅಂತ ದುಡಿಯಾವಂದು ಪೂರಾ ಕಡಿಯೂದು, ಕಂಪನಿ ಹಾಕೂ ಪಾಲಿನಾಗ ಮೂರನೇ ಭಾಗಾನೂ ಜಮಾ ಮಾಡದ ನುಂಗೂದು. ಪಾಪ, ಸಣ್ಣ ವಯಸ್ಸು. ತಡಕೊಳ್ಳಲಿಲ್ಲ."

ಮಧ್ಯಾಹ್ನ ಗೋಕಾಕದ ಬಸ್ ನಿಲ್ದಾಣದಲ್ಲಿ ತನ್ನೂರು ಮೂಡಲಗಿಯ ಬಸ್ಸಿಗೆ ಕಾಯುತ್ತಿದ್ದ ಹಣಮಂತ ಸಿಕ್ಕಿಬಿದ್ದ. ಜಹೀರಾ ಠಾಣೆಗೆ ಬರುವಷ್ಟರಲ್ಲಿ ಅವನ ಒಂದು ಕಣ್ಣು ಮುಚ್ಚಿಹೋಗಿತ್ತು. ತುಟಿ ಒಡೆದು ಅಂಗಿಯ ಮೇಲೆಲ್ಲ ರಕ್ತ.

"ಇನ್ನೆರಡ ಏಟಿಗೆ ಒಪ್ಕೊಂತಾನ್ರಿ," ಎಂದ ಬಸವಲಿಂಗ ಲಾಠಿ ಒರೆಸುತ್ತ. "ಸಂಜೀಕ ಹುಕ್ಕೇರಿ ಕೋರ್ಟಿಗೆ ಒಯ್ಯಾಕ ಸಾಹೇಬ್ರು ಹೇಳ್ಯಾರ."

"ಹೊರಗ ಹೋಗ್ರಿ."

ಬಾಗಿಲು ಮುಚ್ಚಿತು.

"ಚೀಟಿ ಹರದ ಒಗದಿ. ಖರೆ?"

"ಖರೇರಿ. ಒಗದು ಖೋಲಿಗೆ ಹೋದೆ, ಮುಂಜಾನೆ ಊರಿಗೆ ಹೊಂಟೆ. ಅಷ್ಟ."

"ಯಾಕ ಒಗದಿ?"

"ಬೇಸಿಕ್, ಡಿಎ, ಮನಿ ಬಾಡಿಗಿ ಅಂತ ಮ್ಯಾಲ ಚಂದಗೆ ಬರದಾರ. ಕೆಳಗ ಪಿಎಫ್ ಕಟ್, ಇಎಸ್‌ಐ ಕಟ್. ನನ್ನ ಕೇಳದ ನನ್ನ ಪಗಾರ ಯಾಕ ಕಡದಿ ಅಂದೆ."

"ಪಿಎಫ್ ನಿನ್ನ ಹೆಸರಿಲೇನ ಜಮಾ ಆಗತೈತಿ. ಕಂಪನಿನೂ ತನ್ನ ಪಾಲು ಹಾಕತೈತಿ."

ಹಣಮಂತ ತೆರೆದಿದ್ದ ಒಂದೇ ಕಣ್ಣೆತ್ತಿದ.

"ಕಂಪನೀನೂ ಹಾಕತೈತಿ? ಯಾವಾಗಿಂದ್ರಿ?"

ಒಡೆದ ತುಟಿಯಲ್ಲಿ ಅಂಥ ಬೆರಗನ್ನು ನಟಿಸುವುದು ಕಷ್ಟ.

"ಪಾಸ್‌ಬುಕ್ ನೋಡೀಯೇನು?"

"ಬ್ಯಾಂಕಿಂದೇನ್ರಿ?"

ಜಹೀರಾ ಮೇಜಿನ ಮೇಲಿದ್ದ ರಕ್ತದ ಚೀಟಿಯನ್ನು ಮತ್ತೊಮ್ಮೆ ಓದಿದಳು. ಬಂದದ್ದು ಇತ್ತು, ಹೋದದ್ದು ಇತ್ತು. ಕಂಪನಿಯ ಪಾಲಿನ ಸುದ್ದಿಯೇ ಅದರಲ್ಲಿರಲಿಲ್ಲ.

ಎದ್ದಳು. "ಬಸವಲಿಂಗ, ಜೀಪ್ ತಗೀರಿ. ಮಿಲ್ಲಿಗೆ."

ಉದ್ದಪ್ಪ ವರ್ಕ್‌ಶಾಪಿನಲ್ಲಿ ಒಬ್ಬನೇ ಇದ್ದ.

"ಕಾಕಾ, ಬೆರಳಿಗೆ ಏನಾಗೇತಿ?"

"ಬೆಲ್ಟಿಗೆ ಸಿಗಬಿತ್ರಿ. ಮಿಲ್ಲಿನಾಗ ಇದು ಇದ್ದದ್ದ."

"ಬಿಚ್ಚ್ರಿ."

"ಗಾಯ ಹಸೀ ಐತ್ರಿ—"

"ಬಿಚ್ಚ್ರಿ."

ಉದ್ದಪ್ಪನ ಎಡಗೈ ಹಿಂದೆ ಹೋಯಿತು. ನಟ್ಟು ತಿರುಗಿಸುವ ಮೊಳದುದ್ದದ ಪಾನಾ ಗಾಳಿಯನ್ನು ಸೀಳಿ ಬಂತು. ಜಹೀರಾ ಬಗ್ಗಿದಳು. ಏಟು ಬಸವಲಿಂಗನ ಮೊಣಕೈಗೆ ಬಿತ್ತು; ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಎರಡನೆಯ ಏಟಿಗೆ ಮೊದಲು ಜಹೀರಾ ಅವನ ಮಂಡಿಗೆ ಒದ್ದಳು. ಬಿದ್ದವನ ಬೆನ್ನ ಮೇಲೆ ಮೊಣಕಾಲೂರಿ, ಕೈಗಳನ್ನು ಮುಂದಕ್ಕೆ ಸೇರಿಸಿ ಕೋಳ ಹಾಕಿ, ಪಟ್ಟಿ ಎಳೆದಳು.

ಬೆರಳಿನ ಮೇಲೆ ನಾಲ್ಕು ಕುಳಿ. ಕೆಳಗೆ ಮೂರು. ಹಲ್ಲಿನ ಗುರುತು.

"ಇಂವಾ ಅಂತ ಹೆಂಗ ಗೊತ್ತಾತ್ರಿ?" ಬಸವಲಿಂಗ ಕೈ ಹಿಡಿದುಕೊಂಡು ನರಳಿದ.

"ಬೆರಳು ಆಮ್ಯಾಲ ನೆನಪಾತು. ಮೊದಲ ನೆನಪಾದದ್ದು ಮೂರನೇ ಭಾಗದ ಮಾತು." ಜಹೀರಾ ಉದ್ದಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದಳು. "ಕಂಪನಿ ಪಾಲು ಎಷ್ಟ ಜಮಾ ಆತು ಅನ್ನೂದು ಈ ಚೀಟ್ಯಾಗ ಇರೂದಿಲ್ಲ ಕಾಕಾ. ಮೊಬೈಲಿನಾಗ ತಗಿಯೂ ಪಿಎಫ್ ಪಾಸ್‌ಬುಕ್ಕಿನಾಗ ಅಷ್ಟ ಕಾಣತೈತಿ. ಹಣಮಂತಗ ಅಂಥಾದ್ದೊಂದು ಐತಿ ಅನ್ನೂದ ಗೊತ್ತಿಲ್ಲ. ನಿಮ್ಮ ಸಿಟ್ಟನ್ನ ಅಂವನ ಬಾಯಾಗ ಇಟ್ರಿ. ಅಂವ ಹರದ ಚೀಟಿ ಆರಿಸಿ ಗುರುಲಿಂಗಪ್ಪನ ಬಾಯಾಗ ಇಟ್ರಿ."

ಉದ್ದಪ್ಪ ಉಗುಳಿದ. ಉಗುಳಿನಲ್ಲಿ ರಕ್ತವಿತ್ತು.

"ಅಂವಾ ಕಳ್ಳ. ನಂದೆಷ್ಟು, ಕಂಪನೀದೂ ಅಷ್ಟ ಬರಬೇಕು. ಮನಿ ಮ್ಯಾಲ ಸ್ಲ್ಯಾಬ್ ಹಾಕೂದು ಅದರಾಗ ಅಂದ್ಕೊಂಡಿದ್ದೆ. ಕೇಳಿದಾಗೆಲ್ಲ 'ಅದು ಬ್ಯಾರೆ ಕಡೆ ಐತಿ ಕಾಕಾ, ಆಮ್ಯಾಲ ಹೇಳತೇನಿ' ಅಂತಿದ್ದ. ನಿನ್ನೆನೂ ಹಂಗ ಅಂದ. ನಕ್ಕೋತ ಅಂದ. ಕಿಸೇದಾಗ ಮೊಬೈಲ್ ಐತಿ, ನೀವ ನೋಡ್ರಿ."

ಗಾಜು ಒಡೆದ ಸಣ್ಣ ಮೊಬೈಲು. ಪರದೆಯ ತುಂಬ ಪಿಎಫ್ ಪಾಸ್‌ಬುಕ್ಕಿನ ಎರಡು ಸಾಲು ಅಂಕಿ—ಎಡಕ್ಕೆ ಅವನ ಪಾಲು, ಬಲಕ್ಕೆ ಕಂಪನಿಯದು. ಬಲಗಡೆಯದು ಎಡಗಡೆಯದರ ಮೂರನೇ ಒಂದು ಭಾಗವೂ ಇಲ್ಲ.

ಜಹೀರಾ ಪರದೆಯ ಮೇಲೆ ಬೆರಳಿಟ್ಟು ಪಕ್ಕಕ್ಕೆ ಸರಿಸಿದಳು.

ಮರೆಯಲ್ಲಿದ್ದ ಇನ್ನೊಂದು ಸಾಲು ಹೊರಬಂತು. ತಿಂಗಳು ತಿಂಗಳೂ, ಕಡಿಮೆ ಬಿದ್ದಷ್ಟು ಹಣ.

"ಇದೇನ್ರಿ?"

"ನಿಮ್ಮ ಪೆನ್ಶನ್. ಕಂಪನಿ ಪಾಲಿನಾಗ ದೊಡ್ಡ ಭಾಗ ಇದಕ್ಕ ಹೋಗತೈತಿ. ಎಲ್ಲಾ ಮಿಲ್ಲಿನಾಗೂ ಹಂಗ."

"ಪೆನ್ಶನ್ ಸರಕಾರ ಕೊಡತೈತೆಲ್ರಿ..."

ಜಹೀರಾ ಮೊಬೈಲನ್ನು ಅವನ ಮುಂದೆ ಹಿಡಿದಳು. ಉದ್ದಪ್ಪ ಕೋಳದ ಕೈ ಚಾಚಿ, ಅದೇ ಬೆರಳಿನಿಂದ ಪರದೆಯನ್ನು ಹಿಂದಕ್ಕೆ ಸರಿಸಿದ. ಮತ್ತೆ ಮುಂದಕ್ಕೆ. ಗಾಜಿನ ಮೇಲೆ ಕೆಂಪು ಗೆರೆ ಉಳಿಯಿತು.

ಹಣಮಂತನನ್ನು ಬಿಡುವಂತೆ ಠಾಣೆಗೆ ಫೋನ್ ಮಾಡಿ ಜಹೀರಾ ಗುಮಾಸ್ತನ ಕೋಣೆಯ ಮುಂದೆ ಬಂದಳು. ದಾಕ್ಷಾಯಿಣಿ ಇನ್ನೂ ಅಲ್ಲೇ ಇದ್ದಳು. ಲೋಟದ ನೀರಿನ ಮೇಲೆ ಹತ್ತಿಯ ಧೂಳು ಕೂತಿತ್ತು.

"ಇವರು ಎಷ್ಟ ತಿಂದಿದ್ರಂತ್ರಿ?"

"ಒಂದ ಪೈಸಾನೂ ಇಲ್ಲವಾ."

"ಮತ್ತ ಯಾಕ್ರಿ?"

ಇನ್ನು ಇವಳ ಕೈಗೆ ತಿಂಗಳು ತಿಂಗಳೂ ಬರುವ ವಿಧವಾ ಪಿಂಚಣಿಯೂ ಗುರುಲಿಂಗಪ್ಪನ ಪಾಸ್‌ಬುಕ್ಕಿನ ಅಂಥದೇ ಸಾಲಿನಿಂದ. ಇವತ್ತು ಬೇಡ, ಆಮೇಲೆ ಹೇಳಿದರಾಯಿತು ಎಂದುಕೊಂಡು ಜಹೀರಾ ಜೀಪಿನ ಕಡೆ ತಿರುಗಿದಳು. ಗುರುಲಿಂಗಪ್ಪನೂ ಹೇಳುತ್ತಿದ್ದ ಆ 'ಆಮೇಲೆ' ಅವಳನ್ನು ಅಲ್ಲೇ ತಡೆಯಿತು.

ಹಿಂದಿರುಗಿ ಬಂದು ಅವಳ ಪಕ್ಕ ನೆಲದ ಮೇಲೆ ಕೂತಳು. ಲೋಟ ತೆಗೆದು ಬದಿಗಿಟ್ಟಳು.

"ಪಗಾರದಾಗ ಪಿಎಫ್ ಅಂತ ಕಡೀತಾರಲ್ಲವಾ," ಎಂದು ಮೊದಲಿನಿಂದ ಹೇಳತೊಡಗಿದಳು.